ಅಪ್ಪಯ್ಯನ ಹೊಗೆಸೊಪ್ಪು, ನನ್ನ ಸಿಗರೇಟು

ಮಲೆನಾಡಿನಲ್ಲಿ ಹುಟ್ಟಿದವರಿಗೆ ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ಬಗ್ಗೆ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಇಳಿದರೆ ಸಾಕು, ಯಾವ ಮಾಯದಲ್ಲೋ ಕಾಲು ಹತ್ತಿ ಬೆರಳ ಸಂದಿಯಲ್ಲಿ ಕಚ್ಚಿಕೊಂಡಿರುತ್ತದೆ. ನಾನು ಆರೇಳು ವರ್ಷದವನಿದ್ದಾಗ ಹೀಗೇ ಒಂದು ಕಚ್ಚಿಕೊಂಡಿತ್ತು. ನಾನು ಕಿರುಚಿದ್ದು ಕೇಳಿ ಅಪ್ಪಯ್ಯ ಓಡಿ ಬಂದವರು, ನನ್ನ ಕಾಲು ಎತ್ತಿ ಹಿಡಿದು, ಬಾಯಲ್ಲಿದ್ದ ಎಲೆಅಡಿಕೆಯ ರಸವನ್ನು ಅದರ ಮೇಲೆ ಉಗಿದರು. ಇಂಬಳ ಒಂದು ಸಲ ಹೊರಳಿತು, ಮುರುಟಿತು, ಉಂಡೆಯಾಗಿ ಕೆಳಗೆ ಬಿತ್ತು. "ಹೊಗೆಸೊಪ್ಪಿನ ಘಾಟು ಅದಕ್ಕೆ ಆಗಲ್ಲ ಅಪ್ಪಿ" ಅಂತ ನಕ್ಕರು.

ಆವತ್ತಿಂದ ನನ್ನ ಲೆಕ್ಕದಲ್ಲಿ ಹೊಗೆಸೊಪ್ಪು ಅಂದರೆ ಔಷಧಿ. ಒಂದು ಇಂಬಳವನ್ನು ಕ್ಷಣದಲ್ಲಿ ಮುರುಟಿಸಿ ಹಾಕುವ ಸಾಮಾನು ದಿನಕ್ಕೆ ಹದಿನೈದು ಸಲ ಕೆನ್ನೆಯೊಳಗೆ ಕೂತರೆ ಆ ಕೆನ್ನೆಗೆ ಏನಾಗಬಹುದು ಅನ್ನೋ ಯೋಚನೆ ಬಂದದ್ದು ಮೂವತ್ತು ವರ್ಷ ಆದಮೇಲೆ, ಶಿವಮೊಗ್ಗದಲ್ಲಿ ಹಲ್ಲಿನ ಡಾಕ್ಟರ ಕುರ್ಚಿಯ ಪಕ್ಕ ನಿಂತಿದ್ದಾಗ.

ನಿಜ ಹೇಳಬೇಕೆಂದರೆ ಅದಕ್ಕೂ ಮೊದಲೇ ಒಂದು ಸೂಚನೆ ಸಿಕ್ಕಿತ್ತು. ನಮಗೆ ಅರ್ಥವಾಗಲಿಲ್ಲ ಅಷ್ಟೇ. ಅಪ್ಪಯ್ಯ ಮಿಡಿ ಉಪ್ಪಿನಕಾಯಿ ತಿನ್ನುವುದು ಬಿಟ್ಟಿದ್ದರು. ತೀರ್ಥಹಳ್ಳಿ ಕಡೆಯ ಮನುಷ್ಯ, ಕೊನೆಗೆ ಮಜ್ಜಿಗೆ ಅನ್ನಕ್ಕೆ ಒಂದು ಅಪ್ಪೆಮಿಡಿ ಕಡಿಯದೆ ಊಟ ಮುಗಿಸಿದವರಲ್ಲ. ಅಂಥವರು ಬಾಯಿ ಉರಿ ಅಂತ ಉಪ್ಪಿನಕಾಯಿಯನ್ನು ಎಲೆಯ ತುದಿಗೆ ಸರಿಸಿ ಏಳತೊಡಗಿದರು. ಆಮೇಲೆ ಸಾರು ಖಾರ ಅಂದರು. ಅಮ್ಮ ಮೆಣಸು ಕಡಿಮೆ ಮಾಡಿದಳು. ಆಮೇಲೆ ದೊಡ್ಡ ತುತ್ತು ಬಾಯಿಗೆ ಹೋಗುವುದಿಲ್ಲ ಅಂದರು. ವಯಸ್ಸಾಯಿತಲ್ಲ, ಅದಕ್ಕೇ ಅಂದುಕೊಂಡೆವು. ಮಳೆಗಾಲದಲ್ಲಿ ನಾನು ಊರಿಗೆ ಹೋದಾಗ ಅವರು ಆಕಳಿಸುವುದನ್ನು ನೋಡಿದೆ. ಬಾಯಿ ಅರ್ಧಕ್ಕೇ ನಿಂತುಬಿಟ್ಟಿತು. ಆಕಳಿಕೆ ಪೂರ್ತಿ ಆಗಲೇ ಇಲ್ಲ.

ಡಾಕ್ಟರು ಮೊದಲು ಮಾಡಿಸಿದ ಪರೀಕ್ಷೆಗೆ ಯಂತ್ರ ಬೇಕಿರಲಿಲ್ಲ. "ಯಜಮಾನರೇ, ನಿಮ್ಮದೇ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರೋ ಹಾಗೆ ನಿಲ್ಲಿಸಿ ಮುಂದಿನ ಹಲ್ಲಿನ ಮಧ್ಯೆ ಇಡಿ" ಅಂದರು. ಸಾಮಾನ್ಯವಾಗಿ ಮೂರೂ ಹಿಡಿಸಬೇಕು. ಅಪ್ಪಯ್ಯನಿಗೆ ಎರಡು ಹೋಯಿತು, ಮೂರನೆಯದು ತುಟಿಗೆ ಬಂದು ನಿಂತಿತು. ಅವರು ಒತ್ತಿ ನೋಡಿದರು. ನಾನು ಪಕ್ಕದಲ್ಲಿ ನಿಂತು ನನ್ನ ಬಾಯಿಗೆ ನನ್ನ ಬೆರಳು ಇಟ್ಟು ನೋಡಿಕೊಂಡೆ. ಇದನ್ನು ಓದುತ್ತಾ ನೀವೂ ಒಮ್ಮೆ ಇಟ್ಟು ನೋಡಿ, ಮನೆಯಲ್ಲಿ ಎಲೆಅಡಿಕೆ ಅಥವಾ ಗುಟ್ಕಾ ಹಾಕುವವರಿದ್ದರೆ ಅವರಿಗೂ ಇಡಿಸಿ ನೋಡಿ.

ಆಮೇಲೆ ಟಾರ್ಚ್ ಬಿಟ್ಟು ಎಡಗೆನ್ನೆಯ ಒಳಭಾಗ ತೋರಿಸಿದರು. ನಲವತ್ತು ವರ್ಷ ಹೊಗೆಸೊಪ್ಪಿನ ಉಂಡೆ ಕೂತ ಜಾಗ ಅದೇ. ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲ ಬಿಳಿ ಮಚ್ಚೆ. ಉಜ್ಜಿದರೆ ಹೋಗುವುದಿಲ್ಲ. ಇದನ್ನು ಲ್ಯೂಕೋಪ್ಲೇಕಿಯಾ ಅನ್ನುತ್ತಾರೆ, ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ, ಆದರೆ ಕೆಲವು ಆಗುತ್ತವೆ, ಯಾವುದು ಆಗುತ್ತದೆ ಅಂತ ಕಣ್ಣಲ್ಲಿ ನೋಡಿ ಹೇಳೋಕೆ ಬರುವುದಿಲ್ಲ, ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು ಅಂದರು. ಬಾಯಿ ಬಿಗಿದದ್ದು ಬೇರೆ ತೊಂದರೆ. ಚರ್ಮದ ಕೆಳಗೆ ನಾರು ಕಟ್ಟಿಕೊಂಡು ಕೆನ್ನೆ ಗಟ್ಟಿಯಾಗುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಹೆಸರು. ಅದಕ್ಕೆ ಮುಖ್ಯ ಕಾರಣ ಹೊಗೆಸೊಪ್ಪಲ್ಲ, ಅಡಿಕೆ. ಇದರ ಬಗ್ಗೆ ಆಮೇಲೆ ಹೇಳುತ್ತೇನೆ, ಹೇಳಲೇಬೇಕು.

ಚೀಟಿ ಬರೆಯುತ್ತಾ ಅವರು ಸಹಜವಾಗಿ ಕೇಳಿದರು: "ಮನೇಲಿ ಬೇರೆ ಯಾರಿಗಾದ್ರೂ ಚಟ ಇದೆಯಾ?"

ಅಪ್ಪಯ್ಯ ತಲೆಯಾಡಿಸಿ ಹೇಳಿದರು, "ಇಲ್ಲಪ್ಪ. ನಮ್ಮನೇಲಿ ಯಾರಿಗೂ ಚಟ ಇಲ್ಲ."

ಆ ಮಾತು ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ. ಅವರು ಸುಳ್ಳು ಹೇಳಲಿಲ್ಲ. ಕೆನ್ನೆಯಲ್ಲಿ ಮಚ್ಚೆ ಇಟ್ಟುಕೊಂಡು, ಎರಡು ಬೆರಳಷ್ಟೇ ಬಾಯಿ ತೆರೆಯಲು ಆಗುತ್ತಿದ್ದ ಆ ಹೊತ್ತಲ್ಲೂ ತಮ್ಮನ್ನು ಚಟದವರ ಲೆಕ್ಕಕ್ಕೆ ಸೇರಿಸಿಕೊಂಡಿರಲಿಲ್ಲ. ಚಟ ಅಂದರೆ ಕುಡಿಯುವುದು, ಇಸ್ಪೀಟು, ಸಿಗರೇಟು. ಎಲೆಅಡಿಕೆ ಅಂದರೆ ಮರ್ಯಾದೆ.

"ನಾನು ಸಿಗರೇಟ್ ಸೇದ್ತೀನಿ ಡಾಕ್ಟ್ರೇ" ಅಂದೆ. ಹದಿನಾಲ್ಕು ವರ್ಷದಿಂದ ಮುಚ್ಚಿಟ್ಟದ್ದು. ಊರಿಗೆ ಹೊರಟರೆ ಬಸ್‌ಸ್ಟ್ಯಾಂಡಿನಲ್ಲಿ ಏಲಕ್ಕಿ ಅಗಿದು, ಕೈಗೆ ಸೋಪು ಹಾಕಿ ತೊಳೆದು ಮನೆಗೆ ಹೋಗುತ್ತಿದ್ದೆ. ಅಪ್ಪಯ್ಯ ನನ್ನ ಮುಖ ನೋಡಲಿಲ್ಲ. ಬಸ್ಸಿನಲ್ಲಿ ಮಂಡಗದ್ದೆ ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ "ದಿನಕ್ಕೆ ಎಷ್ಟಾ?" ಅಂತ ಕೇಳಿದರು. "ಹತ್ತು, ಹನ್ನೆರಡು" ಅಂದೆ. "ಹಂಗಾದ್ರೆ ನಾನೇ ಜಾಸ್ತಿ" ಅಂದರು. ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು.

ಜಗಿಯುವ ತಂಬಾಕನ್ನು ನಾವು ಎಷ್ಟು ಸಲೀಸಾಗಿ ಮನೆಯೊಳಗೆ ಬಿಟ್ಟುಕೊಂಡಿದ್ದೇವೆ ಅಂತ ಒಮ್ಮೆ ಯೋಚನೆ ಮಾಡಿ. ನಮ್ಮ ಮನೆಯ ಸಂತೆ ಚೀಟಿಯಲ್ಲಿ ಸಕ್ಕರೆ, ಚಾಪುಡಿ ಆದಮೇಲೆ ಅಮ್ಮನ ಅಕ್ಷರದಲ್ಲೇ "ಹೊಗೆಸೊಪ್ಪು, ಸುಣ್ಣ" ಅಂತ ಇರುತ್ತಿತ್ತು. ಅಂಗಡಿಗೆ ಹೋಗಿ ತರುತ್ತಿದ್ದವನು ನಾನು, ನಾಲ್ಕನೇ ಕ್ಲಾಸಿನ ಹುಡುಗ. ಅಜ್ಜಿಗೆ ಹಲ್ಲಿರಲಿಲ್ಲ, ಕುಟ್ಟಾಣಿಯಲ್ಲಿ ಅಡಿಕೆ, ಎಲೆ, ಹೊಗೆಸೊಪ್ಪು ಎಲ್ಲ ಹಾಕಿ ಕುಟ್ಟಿ ಕೊಡುತ್ತಿದ್ದೆ. ಯಾರಾದರೂ ಮನೆಗೆ ಬಂದರೆ ನೀರು ಬೆಲ್ಲದ ಹಿಂದೆಯೇ ಎಲೆ ಬಟ್ಟಲು, ಅದರ ಒಂದು ಮೂಲೆಯಲ್ಲಿ ಹೊಗೆಸೊಪ್ಪು. ಯಾರೂ ಇದನ್ನು ತಪ್ಪು ಅನ್ನಲಿಲ್ಲ. ಅದೇ ನಾನು ಹದಿನಾರಕ್ಕೆ ಒಂದು ಸಿಗರೇಟು ಹಚ್ಚಿ ಸಿಕ್ಕಿಬಿದ್ದಿದ್ದರೆ ಬೆನ್ನಿನ ಚರ್ಮ ಉಳಿಯುತ್ತಿರಲಿಲ್ಲ.

2016-17ರಲ್ಲಿ ದೇಶದಾದ್ಯಂತ ನಡೆದ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ಲೆಕ್ಕ ಹೀಗಿದೆ: ನೂರು ವಯಸ್ಕರಲ್ಲಿ ಸುಮಾರು 23 ಜನ ಯಾವುದಾದರೂ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಹೆಂಗಸರಲ್ಲೇ ನೂರಕ್ಕೆ 10. ಸೇದುವವರಿಗಿಂತ ಜಗಿಯುವವರು ಸುಮಾರು ಎರಡು ಪಟ್ಟು. ಆದರೆ ನಮ್ಮ ಜಾಹೀರಾತು, ಭಿತ್ತಿಪತ್ರ, ಮನೆಯ ಬೈಗುಳ ಎಲ್ಲ ಸಿಗರೇಟಿನ ಮೇಲೆ. ಅಜ್ಜಿಯಂದಿರ ಕಡ್ಡಿಪುಡಿಯನ್ನು ಯಾರೂ ಕೇಳುವುದಿಲ್ಲ. ಗರ್ಭಿಣಿ ಸೊಸೆ ಬಾಯಿ ರುಚಿಗೆ ಅಂತ ಒಂದು ಚೂರು ಹಾಕಿಕೊಂಡರೂ ಕೇಳುವುದಿಲ್ಲ. ಮಗು ತೂಕ ಕಡಿಮೆಯಾಗಿ ಹುಟ್ಟುವುದಕ್ಕೆ, ಕೆಲವು ಸಲ ಹೊಟ್ಟೆಯಲ್ಲೇ ತೀರಿಕೊಳ್ಳುವುದಕ್ಕೆ ಜಗಿಯುವ ತಂಬಾಕೂ ಕಾರಣವಾಗುತ್ತದೆ.

"ಇದು ನಮ್ಮ ಸಂಪ್ರದಾಯ" ಅನ್ನುವವರಿಗೆ ಒಂದು ಮಾತು. ಎಲೆ ಅಡಿಕೆ ಹಳೆಯದು, ಒಪ್ಪಿದೆ. ಹೊಗೆಸೊಪ್ಪು ಅಲ್ಲ. ಅದು ಅಮೆರಿಕದ ಗಿಡ, ಪೋರ್ಚುಗೀಸರು ಹಡಗಿನಲ್ಲಿ ತಂದದ್ದು, ನಾನೂರು ವರ್ಷದ ಆಚೀಚೆ. ಬಸವಣ್ಣನವರ ಕಾಲದಲ್ಲಿ ಈ ನೆಲದಲ್ಲಿ ಹೊಗೆಸೊಪ್ಪು ಅನ್ನೋದೇ ಇರಲಿಲ್ಲ. ತಟ್ಟೆಯಲ್ಲಿ ಅದು ಆಮೇಲೆ ಬಂದು ಸೇರಿಕೊಂಡದ್ದು, ಹಾಗಾಗಿ ತೆಗೆದಿಟ್ಟರೆ ಯಾವ ದೇವರಿಗೂ ಕೋಪ ಬರುವುದಿಲ್ಲ.

ಸುಣ್ಣ ಯಾಕೆ ಹಾಕುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಎಲೆ ಕೆಂಪಾಗಲಿ ಅಂತ ಅಂದುಕೊಂಡಿದ್ದೆ. ಡಾಕ್ಟರು ಬಿಡಿಸಿ ಹೇಳಿದರು. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಸುಣ್ಣದ ಜೊತೆ ಸೇರಿದಾಗ ಕೆನ್ನೆಯ ತೆಳು ಚರ್ಮದ ಮೂಲಕ ಸುಲಭವಾಗಿ ರಕ್ತಕ್ಕೆ ಇಳಿಯುತ್ತದೆ. ಅಂಗೈಯಲ್ಲಿ ಹೊಗೆಸೊಪ್ಪು, ಸುಣ್ಣ ಹಾಕಿ ಹೆಬ್ಬೆರಳಲ್ಲಿ ತಿಕ್ಕಿ ತಿಕ್ಕಿ ತುಟಿಯ ಸಂದಿಗೆ ಇಡುತ್ತಾರಲ್ಲ, ಅದರ ಮರ್ಮವೂ ಇದೇ. ಸಿಗರೇಟಿನ ನಿಕೋಟಿನ್ ಕೆಲವೇ ಸೆಕೆಂಡಿನಲ್ಲಿ ಮಿದುಳು ಮುಟ್ಟಿ ಬೇಗ ಇಳಿದುಹೋಗುತ್ತದೆ. ಕೆನ್ನೆಯಲ್ಲಿಟ್ಟದ್ದು ನಿಧಾನಕ್ಕೆ ಏರಿ ತುಂಬಾ ಹೊತ್ತು ನಿಲ್ಲುತ್ತದೆ. ಅದಕ್ಕೇ ಜಗಿಯುವವರಿಗೆ ಬಿಡುವುದು ಸಿಗರೇಟಿನವರಿಗಿಂತ ಸುಲಭ ಅನ್ನೋದು ಸುಮ್ನೆ ಮಾತು. ನಿಕೋಟಿನ್ ಹಿಡಿದಿಟ್ಟುಕೊಳ್ಳುತ್ತದೆ, ಕ್ಯಾನ್ಸರ್ ತರುವ ಕೆಲಸವನ್ನು ಅದರ ಜೊತೆಗಿರುವ ನೈಟ್ರೋಸಮೀನ್‌ನಂಥ ವಿಷಗಳು ಮಾಡುತ್ತವೆ. ಜಗತ್ತಿನಲ್ಲಿ ಬಾಯಿ ಕ್ಯಾನ್ಸರ್ ಆಗುವ ಪ್ರತಿ ಮೂವರಲ್ಲಿ ಒಬ್ಬರು ಭಾರತದವರು. ನಮ್ಮ ಕೆನ್ನೆಗಳು ಹುಟ್ಟಿನಿಂದಲೇ ದುರ್ಬಲವಾಗಿ ಬಂದಿವೆಯೇ? ಇಲ್ಲವಲ್ಲ. ಒಳಗೆ ಏನು ಇಡುತ್ತೇವೋ ಅದರ ಫಲ.

ಈಗ ಅಡಿಕೆಯ ವಿಷಯ. ಬರೆಯಲು ಕೈ ಹಿಂಜರಿಯುತ್ತದೆ. ನಾನು ಓದಿದ್ದು ಅಡಿಕೆ ದುಡ್ಡಿನಲ್ಲಿ. ಅಕ್ಕನ ಮದುವೆ ಆದದ್ದು ರಾಶಿ ಇಡಿಗೆ ಒಳ್ಳೆ ರೇಟು ಬಂದ ವರ್ಷ. ಆದರೂ ಇದ್ದದ್ದು ಇದ್ದ ಹಾಗೆ ಹೇಳಬೇಕು: ಹೊಗೆಸೊಪ್ಪು ಇಲ್ಲದೆ ಬರೀ ಅಡಿಕೆ ಜಗಿದರೂ ಬಾಯಿ ಬಿಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ನಮ್ಮ ಕಡೆ ಇದನ್ನು ಹೇಳಿದರೆ ಜನ ಬೇಜಾರು ಮಾಡಿಕೊಳ್ಳುತ್ತಾರೆ, ಬೆಳೆಗಾರರ ಹೊಟ್ಟೆ ಮೇಲೆ ಹೊಡೆಯೋ ಮಾತು ಅನ್ನುತ್ತಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಅಪ್ಪಯ್ಯನ ಬಾಯಿಗೆ ಮೂರನೇ ಬೆರಳು ಹೋಗದಿದ್ದುದನ್ನು ಕಣ್ಣಾರೆ ನೋಡಿದ ಮೇಲೆ ಬಾಯಿ ಮುಚ್ಚಿಕೊಂಡು ಕೂರಲು ನನಗೆ ಆಗುವುದಿಲ್ಲ. ಅದರಲ್ಲೂ ಪಾನ್ ಮಸಾಲ ಪೊಟ್ಟಣಗಳು. 2013ರಲ್ಲಿ ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧ ಆಯಿತು. ಆಮೇಲೆ ಏನಾಯಿತು ಅಂತ ಯಾವ ಗೂಡಂಗಡಿಯಲ್ಲಾದರೂ ನಿಂತು ನೋಡಿ. ಮಸಾಲೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಹರಿದು ಒಂದರೊಳಗೊಂದು ಸುರಿದು ಕುಲುಕಿ ಬಾಯಿಗೆ. ಗುಟ್ಕಾ ತಯಾರು. ಇಪ್ಪತ್ತು ವರ್ಷದ ಹುಡುಗರು, ಮುಂದಿನ ಹತ್ತು ವರ್ಷದಲ್ಲಿ ಅವರ ಬಾಯಿ ಎಷ್ಟು ತೆರೆಯುತ್ತದೋ ಅಂತ ಸಂಕಟವಾಗುತ್ತದೆ.

ಬಯಾಪ್ಸಿ ಫಲಿತಾಂಶಕ್ಕೆ ಎಂಟು ದಿನ ಕಾದೆವು. ಆ ಎಂಟು ದಿನದ ಬಗ್ಗೆ ಜಾಸ್ತಿ ಬರೆಯಲಾರೆ. ಕ್ಯಾನ್ಸರ್ ಅಲ್ಲ, ಆದರೆ ಜೀವಕೋಶಗಳಲ್ಲಿ ಬದಲಾವಣೆ ಶುರುವಾಗಿದೆ ಅಂತ ಬಂತು. ಈಗ ಬಿಟ್ಟರೆ ಮಚ್ಚೆ ಚಿಕ್ಕದಾಗುವ ಸಾಧ್ಯತೆ ಇದೆ, ಬಿಡದಿದ್ದರೆ ಮುಂದಿನ ಮಾತು ಆಸ್ಪತ್ರೆಯಲ್ಲಿ ಅಂದರು.

"ಅರವತ್ತೆರಡು ಆಯ್ತು. ಇನ್ನು ಬಿಟ್ಟು ಏನು ಸಿಗುತ್ತೆ?" ಅಪ್ಪಯ್ಯ ಕೇಳಿದ್ದು. ಎಲ್ಲ ಹಿರಿಯರೂ ಕೇಳುವ ಪ್ರಶ್ನೆ ಇದು, ಅಲ್ವಾ? ಬ್ರಿಟನ್ನಿನಲ್ಲಿ ಸಾವಿರಾರು ಪುರುಷ ವೈದ್ಯರನ್ನು 1951ರಿಂದ ಐವತ್ತು ವರ್ಷ ಹಿಂಬಾಲಿಸಿ ಒಂದು ಅಧ್ಯಯನ ಮಾಡಿದ್ದಾರೆ. ಸಿಗರೇಟು ಸೇದುತ್ತಲೇ ಹೋದವರು ಸೇದದವರಿಗಿಂತ ಸುಮಾರು 10 ವರ್ಷ ಮೊದಲೇ ತೀರಿಕೊಂಡರು. 30ಕ್ಕೆ ಬಿಟ್ಟವರಿಗೆ ಆ ಹತ್ತೂ ವರ್ಷ ವಾಪಸ್ ಸಿಕ್ಕಿತು. 40ಕ್ಕೆ ಬಿಟ್ಟವರಿಗೆ 9, 50ಕ್ಕೆ ಬಿಟ್ಟವರಿಗೆ 6, 60ಕ್ಕೆ ಬಿಟ್ಟವರಿಗೂ 3 ವರ್ಷ. ಸಿಗರೇಟಿನ ಲೆಕ್ಕವೇ ಆದರೂ ಇದನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. "ಮೂರು ವರ್ಷ ಅಂದ್ರೆ ಮೂರು ಕೊಯ್ಲು" ಅಂದರು. ಆವತ್ತೇ ದಿನ ಗೊತ್ತುಮಾಡಿದೆವು. ಚೌತಿಗೆ ನೆಂಟರು ಬರುತ್ತಾರೆ, ಬಟ್ಟಲು ಇಡದಿದ್ದರೆ ಸರಿಯಿರಲ್ಲ, ಹಬ್ಬ ಮುಗಿದ ಮಾರನೇ ದಿನದಿಂದ ಬಿಡೋದು ಅಂತ. ಇಬ್ಬರೂ.

ನಾನು ಅದಕ್ಕೂ ಮೊದಲು ಮೂರು ಸಲ ಬಿಟ್ಟು ಮೂರು ಸಲವೂ ವಾಪಸ್ ಹಚ್ಚಿದ್ದೆ. ಒಂದು ಸಲ ಹನ್ನೊಂದು ದಿನ, ಒಂದು ಸಲ ಎರಡೇ ದಿನ. ಪ್ರತಿ ಸಲವೂ "ನನಗೆ ಮನಸ್ಸು ಗಟ್ಟಿ ಇಲ್ಲ" ಅಂತ ನನ್ನನ್ನೇ ಬೈದುಕೊಂಡಿದ್ದೆ. ಸುತ್ತಲಿನವರೂ ಅದನ್ನೇ ಹೇಳುತ್ತಾರೆ, ಮನಸ್ಸು ಮಾಡಿದ್ರೆ ಆಗುತ್ತಪ್ಪಾ ಅಂತ. ಈ ಮಾತಿನಿಂದ ಆಗಿರುವ ಹಾನಿ ಸಣ್ಣದಲ್ಲ. ಸಕ್ಕರೆ ಕಾಯಿಲೆಯವರಿಗೆ ಮನಸ್ಸು ಗಟ್ಟಿ ಮಾಡ್ಕೋ, ಮಾತ್ರೆ ಬೇಡ ಅನ್ನುತ್ತೇವಾ? ನಿಕೋಟಿನ್ ಮಿದುಳಿನ ಅಭ್ಯಾಸವನ್ನೇ ಬದಲಿಸಿರುತ್ತದೆ. ಅದಕ್ಕೆ ಚಿಕಿತ್ಸೆ ಇದೆ, ಔಷಧಿ ಇದೆ, ಮಾತಾಡಿ ದಾರಿ ತೋರಿಸುವ ಜನ ಇದ್ದಾರೆ. ಅವರ ಹತ್ತಿರ ಹೋಗದೆ ಹಲ್ಲು ಕಚ್ಚಿಕೊಂಡು ಒಬ್ಬನೇ ಕೂತಿದ್ದಕ್ಕೇ ನಾನು ಮೂರು ಸಲ ಸೋತದ್ದು.

ಈ ಸಲ ಮೊದಲು ಮಾಡಿದ ಕೆಲಸ ಫೋನ್. 1800-11-2356. ದುಡ್ಡು ಬೀಳುವುದಿಲ್ಲ. ಸಿಗರೇಟು ಪ್ಯಾಕಿನ ಮೇಲೆ, ತಂಬಾಕು ಪೊಟ್ಟಣದ ಮೇಲೆ, ಆ ಭಯಾನಕ ಚಿತ್ರದ ಜೊತೆಗೇ ಇದು 2018ರಿಂದ ಅಚ್ಚಾಗುತ್ತಿದೆ. ಎಷ್ಟೋ ಸಾವಿರ ಸಲ ಕೈಯಲ್ಲಿ ಹಿಡಿದಿದ್ದೆ, ಒಂದು ಸಲವೂ ಓದಿರಲಿಲ್ಲ. ಬಿಡಿ ಸಿಗರೇಟು ಕೊಳ್ಳುವವರಿಗಂತೂ ನಂಬರೂ ಕಾಣುವುದಿಲ್ಲ, ಚಿತ್ರವೂ ಕಾಣುವುದಿಲ್ಲ. ಬಿಡಿಯಾಗಿ ಮಾರಬಾರದು ಅನ್ನೋ ನಿಯಮ ಯಾಕೆ ಬೇಕು ಅನ್ನುವುದಕ್ಕೆ ಇದೇ ಕಾರಣ. ಈ ಸಹಾಯವಾಣಿಯ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡುತ್ತಾರೆ. ನನಗೆ ಸಿಕ್ಕ ಹೆಣ್ಣುಮಗಳು ಬುದ್ಧಿ ಹೇಳಲಿಲ್ಲ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಹಚ್ಚುತ್ತೀರಿ, ಯಾವ ಯಾವ ಹೊತ್ತಲ್ಲಿ ತಡೆಯೋಕೆ ಆಗಲ್ಲ, ಯಾರ ಜೊತೆ ಇದ್ದಾಗ ಅಂತ ಕೇಳಿದರು. ಬರೆದುಕೊಂಡರು. ಬಿಡುವ ದಿನ ಕೇಳಿದರು. ಆ ದಿನದ ನಂತರ ಅವರೇ ಫೋನ್ ಮಾಡಿ ವಿಚಾರಿಸಿದರು. ಜಿಲ್ಲಾಸ್ಪತ್ರೆಗಳಲ್ಲಿ, ಎಷ್ಟೋ ದಂತ ಕಾಲೇಜುಗಳಲ್ಲಿ ತಂಬಾಕು ಬಿಡಿಸುವ ಕೇಂದ್ರಗಳಿವೆ. ಮುಖ ನೋಡಿ ಮಾತಾಡಬೇಕು ಅನ್ನುವವರು ಅಲ್ಲಿಗೆ ಹೋಗಬಹುದು.

ನನಗೆ ನಿಕೋಟಿನ್ ಗಮ್ ಕೊಟ್ಟರು. ಇದನ್ನು ತಪ್ಪಾಗಿ ಬಳಸುವವರೇ ಜಾಸ್ತಿ, ಮೊದಲ ದಿನ ನಾನೂ ಚೂಯಿಂಗ್ ಗಮ್ ಥರ ಜಗಿದು ಬಿಕ್ಕಳಿಕೆ, ವಾಕರಿಕೆ ತಂದುಕೊಂಡೆ. ನಿಧಾನಕ್ಕೆ ನಾಲ್ಕು ಸಲ ಕಚ್ಚಬೇಕು. ನಾಲಿಗೆ ಚುರುಚುರು ಅಂದ ತಕ್ಷಣ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ಮಧ್ಯೆ ಇಟ್ಟುಬಿಡಬೇಕು. ಚುರುಚುರು ಹೋದಮೇಲೆ ಮತ್ತೆ ಕಚ್ಚುವುದು, ಮತ್ತೆ ಇಡುವುದು. ಹೀಗೆ ಅರ್ಧ ಗಂಟೆ. ಗಮ್ ಹಾಕುವ ಕಾಲು ಗಂಟೆ ಮೊದಲು ಕಾಫಿ, ಹಣ್ಣಿನ ರಸ ಕುಡಿಯಬಾರದು, ಕುಡಿದರೆ ನಿಕೋಟಿನ್ ಇಳಿಯುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿಲಿಗ್ರಾಂನದು ಬೇಕಾಗುತ್ತದೆ, ಉಳಿದವರಿಗೆ 2 ಸಾಕು. ಸುಮಾರು ಮೂರು ತಿಂಗಳಲ್ಲಿ ಅದನ್ನೂ ಇಳಿಸುತ್ತಾ ಬಂದು ನಿಲ್ಲಿಸಬೇಕು. ಬಿಗಿದ ಬಾಯಿಗೆ ಜಗಿಯುವುದು ಬೇಡ ಅಂತ ಅಪ್ಪಯ್ಯನಿಗೆ ತೋಳಿಗೆ ಅಂಟಿಸುವ ಪ್ಯಾಚ್ ಬರೆದರು. ಒಂದೇ ಜಾಗಕ್ಕೆ ಅಂಟಿಸಿದರೆ ತುರಿಕೆ ಬರುತ್ತದೆ, ದಿನಾ ಜಾಗ ಬದಲಿಸಬೇಕು. ವರೆನಿಕ್ಲಿನ್, ಬುಪ್ರೊಪಿಯಾನ್ ಅನ್ನೋ ಮಾತ್ರೆಗಳೂ ಇವೆ, ಅವನ್ನು ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಮೊದಲ ಮೂರು ದಿನ ಕಷ್ಟ. ಇದನ್ನು ಸಿಹಿ ಮಾಡಿ ಹೇಳಲಾರೆ. ತಲೆ ಭಾರ, ನಿದ್ದೆ ಚೂರುಚೂರು, ಯಾರಾದರೂ ಸುಮ್ನೆ ಕರೆದರೂ ಸಿಟ್ಟು. ಸಹಾಯವಾಣಿಯವರು ಒಂದು ಮಾತು ಹೇಳಿದ್ದರು: ತಡೆಯೋಕೆ ಆಗಲ್ಲ ಅನ್ನಿಸುವ ಆ ಸೆಳೆತ ಮೂರರಿಂದ ಐದು ನಿಮಿಷ ಮಾತ್ರ ಇರುತ್ತದೆ, ಆಮೇಲೆ ತಾನಾಗಿ ಇಳಿಯುತ್ತದೆ. ನಾನು ನಂಬಲಿಲ್ಲ. ಆಫೀಸಿನ ಕೆಳಗೆ ಟೀ ಅಂಗಡಿಯ ಎದುರು ನಿಂತು ಫೋನಿನಲ್ಲಿ ಸಮಯ ಹಚ್ಚಿ ನೋಡಿದೆ. ಪಕ್ಕದಲ್ಲಿ ಸಹೋದ್ಯೋಗಿ ಹೊಗೆ ಬಿಡುತ್ತಿದ್ದಾನೆ, ನನ್ನ ಕೈಯಲ್ಲಿ ನೀರಿನ ಬಾಟಲಿ. ಒಂದು ನಿಮಿಷ ಆಗುವಾಗ ಬೆರಳು ನಡುಗುತ್ತಿತ್ತು. ಎರಡು ನಿಮಿಷಕ್ಕೆ ಅಂಗಡಿಯವನ ಕಡೆ ಒಂದು ಹೆಜ್ಜೆ ಇಟ್ಟೆ. ನಾಲ್ಕು ನಿಮಿಷ ಹತ್ತು ಸೆಕೆಂಡ್ ಆದಾಗ ನಾನು ಸಂಜೆ ಮನೆಗೆ ಯಾವ ತರಕಾರಿ ಒಯ್ಯಬೇಕು ಅಂತ ಯೋಚಿಸುತ್ತಿದ್ದೆ. ಇಳಿದುಹೋಗಿತ್ತು. ಅವತ್ತಿನಿಂದ ನನಗೆ ಧೈರ್ಯ ಬಂತು. ಜೀವಮಾನವಿಡೀ ತಡೆಯಬೇಕಾಗಿಲ್ಲ, ಐದು ನಿಮಿಷ ತಡೆದರೆ ಸಾಕು, ದಿನಕ್ಕೆ ಹತ್ತು ಸಲ. ಆಮೇಲೆ ಎಂಟು ಸಲ. ಎರಡು ತಿಂಗಳಾದ ಮೇಲೆ ವಾರಕ್ಕೆ ಒಂದೆರಡು ಸಲ.

ಅಪ್ಪಯ್ಯನ ತೊಂದರೆ ಬೇರೆ ಥರದ್ದು. ಹೊಗೆಸೊಪ್ಪು ಹಾಕದೆ ಬೆಳಿಗ್ಗೆ ಹೊಟ್ಟೆ ಸರಿಯಾಗಿ ಹೋಗುತ್ತಿರಲಿಲ್ಲ. ಇದನ್ನು ಜನ ಹೇಳಿಕೊಳ್ಳುವುದಿಲ್ಲ, ಆದರೆ ಎಷ್ಟೋ ಜನ ಇದೇ ಕಾರಣಕ್ಕೆ ನಾಲ್ಕನೇ ದಿನ ಮತ್ತೆ ಶುರುಮಾಡುತ್ತಾರೆ. ನಿಕೋಟಿನ್ ಕರುಳನ್ನು ತಳ್ಳಿ ತಳ್ಳಿ ಅಭ್ಯಾಸ ಮಾಡಿಸಿರುತ್ತದೆ, ಅದು ನಿಂತಾಗ ಕೆಲವು ವಾರ ಮಲಬದ್ಧತೆ ಆಗುವುದು ಸಹಜ, ಆಮೇಲೆ ಸರಿಹೋಗುತ್ತದೆ. ಅಮ್ಮ ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ರಾತ್ರಿ ಬಾಳೆಹಣ್ಣು, ಮಧ್ಯಾಹ್ನ ಬಸಳೆಯೋ ಹರಿವೆಯೋ ಯಾವುದಾದರೊಂದು ಸೊಪ್ಪು ಅಂತ ಹಿಡಿದಳು. ಮೂರು ವಾರಕ್ಕೆ ಸರಿಯಾಯಿತು. ಬಾಯಿಗೆ ಏನಾದರೂ ಬೇಕಲ್ಲ ಅಂತ ಒಣಗಿಸಿದ ನೆಲ್ಲಿಕಾಯಿ ಕೊಟ್ಟೆವು, ಉರಿಯಿತು. ಹುರಿದ ಸೋಂಪು, ಏಲಕ್ಕಿ ಕಾಳು ಒಗ್ಗಿತು. ಹೊಗೆಸೊಪ್ಪಿನ ತಗಡಿನ ಡಬ್ಬಿಯನ್ನು ಅಮ್ಮ ಮೂರು ಸಲ ಸೀಗೆಪುಡಿ ಹಾಕಿ ತಿಕ್ಕಿದರೂ ಘಾಟು ಹೋಗಲಿಲ್ಲ. ಮುಚ್ಚಳ ತೆಗೆದರೆ ಸಾಕು, ಅಪ್ಪಯ್ಯ ಆ ಕಡೆ ತಿರುಗುತ್ತಿದ್ದರು. ಕೊನೆಗೆ ಅದನ್ನು ಗುಜರಿಯವನಿಗೆ ಕೊಟ್ಟಳು. ಇದು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಬಿಡುವವರ ಮನೆಯಲ್ಲಿ ಒಂದು ಚೂರೂ ಉಳಿಯಬಾರದು, ಲೈಟರ್ ಕೂಡ ಉಳಿಯಬಾರದು.

ನಾವಿಬ್ಬರೂ ರಾತ್ರಿ ಒಂಬತ್ತಕ್ಕೆ ಫೋನ್ ಮಾಡುತ್ತಿದ್ದೆವು. ಜಾಸ್ತಿ ಮಾತಿಲ್ಲ.

"ಇವತ್ತು?"

"ಇಲ್ಲ ಅಪ್ಪಯ್ಯ. ನಿಮ್ದು?"

"ಇಲ್ಲ."

ಕಾರ್ತಿಕದಲ್ಲಿ ಸುಲಿತ ಶುರುವಾಯಿತು. ಮನೆಯ ಚಪ್ಪರದಲ್ಲಿ ದೀಪ ಹಾಕಿಕೊಂಡು, ಮೆಟ್ಟುಗತ್ತಿ ಮುಂದೆ ಕೂತು ರಾತ್ರಿ ಹತ್ತು ಹನ್ನೊಂದರವರೆಗೆ ಅಡಿಕೆ ಸುಲಿಯುವಾಗ ಎಲ್ಲರ ಬಾಯಲ್ಲೂ ಎಲೆಅಡಿಕೆ. ಕೆಲಸಕ್ಕೆ ಬಂದವರಿಗೆ ಬಟ್ಟಲು ಇಡದಿರುವುದು ಹೇಗೆ? ಅಪ್ಪಯ್ಯ ಇದಕ್ಕೇ ಹೆದರಿದ್ದರು. ಮೊದಲ ದಿನವೇ ಎಲ್ಲರೆದುರು "ಡಾಕ್ಟ್ರು ಬೇಡ ಅಂದಿದ್ದಾರೆ, ಒತ್ತಾಯ ಮಾಡಬೇಡಿ" ಅಂತ ಹೇಳಿಬಿಟ್ಟರು. ಸುಲಿಯಲು ಬರುವ ಒಬ್ಬ ಹೆಂಗಸು ಆಮೇಲೆ ಒಳಗೆ ಬಂದು ಅಮ್ಮನ ಹತ್ತಿರ ತನ್ನ ಬಾಯಿ ತೆರೆದು ತೋರಿಸಿದಳಂತೆ, ನನಗೂ ಹೀಗೇ ಬಿಳೀದು ಇದೆ, ಏನಮ್ಮಾ ಅಂತ. ಅವಳನ್ನೂ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರ ಆದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು, ಖಾರ ತಡೆಯದ ಉರಿ, ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ನೋವಿಲ್ಲ ಅಂತ ಸುಮ್ಮನಿರಬೇಡಿ. ಶುರುವಿನಲ್ಲಿ ಸಾಮಾನ್ಯವಾಗಿ ನೋವು ಇರುವುದಿಲ್ಲ.

ನಾನು ಒಂದು ಸಲ ಜಾರಿದೆ. ಐದನೇ ವಾರ, ಗೆಳೆಯನ ಮದುವೆಯ ಹಿಂದಿನ ರಾತ್ರಿ, ಎರಡು ಸಿಗರೇಟು. ಮಾರನೇ ರಾತ್ರಿ ಒಂಬತ್ತಕ್ಕೆ ಅಪ್ಪಯ್ಯ ಕೇಳಿದಾಗ ಸುಳ್ಳು ಹೇಳಬಹುದಿತ್ತು. "ನಿನ್ನೆ ಎರಡು ಸೇದಿದೆ" ಅಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಇವತ್ತು?" ಅಂತ ಮಾತ್ರ ಕೇಳಿದರು. ಇವತ್ತು ಇಲ್ಲ ಅಂದೆ. "ಹಂಗಾದ್ರೆ ಸರಿ" ಅಂತ ಫೋನ್ ಇಟ್ಟರು. ಮನೆಯವರು ಯಾರಾದರೂ ಬಿಡುತ್ತಿದ್ದರೆ, ಜಾರಿದ ದಿನ ನೀವು ಆಡುವ ಮಾತು ತುಂಬಾ ಮುಖ್ಯ. "ನನಗೆ ಗೊತ್ತಿತ್ತು ನಿನ್ನ ಕೈಲಾಗಲ್ಲ ಅಂತ" ಅಂದುಬಿಟ್ಟರೆ ಎರಡು ಸಿಗರೇಟು ಒಂದು ಪ್ಯಾಕ್ ಆಗುತ್ತದೆ.

ಬಾಯಿ ತೆರೆಯಲು ಡಾಕ್ಟರು ಒಂದು ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ಮಧ್ಯೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂರುವುದು. ಒಗ್ಗಿದ ಮೇಲೆ ಇನ್ನೊಂದು ಕಡ್ಡಿ ಸೇರಿಸುವುದು. ಶುರುವಿನಲ್ಲಿ ಹದಿನಾಲ್ಕು ಹಿಡಿಸುತ್ತಿತ್ತು. ಜಗಲಿಯ ಮೇಲೆ, ಮೊದಲು ಎಲೆ ಬಟ್ಟಲು ಇರುತ್ತಿದ್ದ ಜಾಗದಲ್ಲಿ ಕೂತು, ಕಣ್ಣು ಮುಚ್ಚಿಕೊಂಡು ದಿನಕ್ಕೆ ನಾಲ್ಕು ಸಲ ಮಾಡುತ್ತಾರೆ. ಈಗ ರಾತ್ರಿಯ ಫೋನಿನಲ್ಲಿ "ಇವತ್ತು?" ಅಂದರೆ ಕಡ್ಡಿ ಲೆಕ್ಕ. ಹದಿನೈದಕ್ಕೆ ಬರಲು ಒಂದು ತಿಂಗಳು ಬೇಕಾಯಿತು. ಹದಿನೇಳಕ್ಕೆ ಬಂದು ಎಷ್ಟೋ ತಿಂಗಳಾಯಿತು, ಹದಿನೆಂಟನೆಯದು ಹೋಗುತ್ತಿಲ್ಲ. ಗಟ್ಟಿಯಾದ ನಾರು ಪೂರ್ತಿ ಸಡಿಲವಾಗುವುದಿಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಮಚ್ಚೆ ಚಿಕ್ಕದಾಗಿದೆ. ಆರು ತಿಂಗಳಿಗೊಮ್ಮೆ ತೋರಿಸುತ್ತಿದ್ದೇವೆ.

ಮೊನ್ನೆ ಊರಿಗೆ ಹೋಗಿದ್ದೆ. ಮಜ್ಜಿಗೆ ಅನ್ನಕ್ಕೆ ಬಂದಾಗ ಅಪ್ಪಯ್ಯ ಅಮ್ಮನ ಕಡೆ ನೋಡಿ "ಒಂದು ಮಿಡಿ ಹಾಕು ನೋಡುವ" ಅಂದರು. ಅಮ್ಮ ಭರಣಿಯಿಂದ ಚಿಕ್ಕದೊಂದು ಹುಡುಕಿ ಹಾಕಿದಳು. ತುದಿ ಕಚ್ಚಿದರು, ಕಣ್ಣಲ್ಲಿ ನೀರು ಬಂತು, ಮಜ್ಜಿಗೆ ಕುಡಿದರು, ಮತ್ತೆ ಕಚ್ಚಿದರು. ಅರ್ಧ ತಿಂದರು. ಇನ್ನರ್ಧ ಎಲೆಯ ತುದಿಯಲ್ಲಿತ್ತು.